ಕೋಶಕ್ಕೆ ‘ಬರೆಯುವ ಅನುಮತಿ’ ಎನ್ನಬಹುದೇ?

ಮಾನ್ಯರೇ,

ಕನ್ನಡ ಮಾಧ್ಯಮದಲ್ಲಿ ಓದಿ, ಬೆಂಗಳೂರಿನ ಕಾಲೇಜಿಗೆ ಬಂದ ಮೇಲೆ ಮೊದಲ ಬಾರಿಗೆ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗುವ ವಿದ್ಯಾರ್ಥಿಗಳಿಗಾಗಿ ಕಿರು ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಒಂದೇ ಯಂತ್ರವನ್ನು ಹಲವರು ಬಳಸುವುದರಿಂದ, ಕಮಾಂಡ್‌ಗಳ ಜೊತೆಗೆ ಯಾರ ಕಡತವನ್ನು ಯಾರು ಮುಟ್ಟಬಹುದು ಎಂಬುದನ್ನೂ ಹೇಳಲೇಬೇಕು. ಕಮಾಂಡ್‌ಗಳ ಹೆಸರನ್ನು ಅನುವಾದಿಸುವ ಪ್ರಶ್ನೆಯಿಲ್ಲ. ಕಡತಗಳ ಪಟ್ಟಿ ತೋರಿಸುವ ‘ಎಲ್‌ಎಸ್’, ಒಂದು ಡೈರೆಕ್ಟರಿಯಿಂದ (ಎಂದರೆ ಫೋಲ್ಡರ್; ಇದನ್ನು ‘ಕೋಶ’ ಎಂದು ಕರೆದಿದ್ದೇನೆ) ಇನ್ನೊಂದಕ್ಕೆ ಹೋಗಲು ಬಳಸುವ ‘ಸಿಡಿ’ ಇದ್ದಂತೆಯೇ ಇರುತ್ತವೆ. (‘ಪಿಡಬ್ಲ್ಯುಡಿ’ ಎಂದೊಡನೆ ಲೋಕೋಪಯೋಗಿ ಇಲಾಖೆ ನೆನಪಾಗುವುದನ್ನು ತಪ್ಪಿಸಲಾಗದು, ಇಲ್ಲಿ ಅದು ನಾವು ಸದ್ಯ ಯಾವ ಡೈರೆಕ್ಟರಿಯಲ್ಲಿದ್ದೇವೆ ಎಂದು ತಿಳಿಸುತ್ತದೆ.) ತೊಡಕಿರುವುದು ಅನುಮತಿಗಳನ್ನು ಸೂಚಿಸುವ ಮೂರು ಪದಗಳಲ್ಲಿ.

‘ಎಲ್‌ಎಸ್’ಗೆ ಅಡ್ಡಗೆರೆಯೊಂದಿಗೆ ‘ಎಲ್’ ಸೇರಿಸಿ ಕೊಟ್ಟರೆ, ಪ್ರತಿ ಸಾಲಿನ ಆರಂಭದಲ್ಲಿ ಹತ್ತು ಚಿಹ್ನೆಗಳು ಕಾಣುತ್ತವೆ. ಮೊದಲನೆಯದು ಅದು ಕಡತವೋ ಕೋಶವೋ ಎಂಬುದನ್ನು ಹೇಳುತ್ತದೆ. ಉಳಿದವು ಮೂರು ಮೂರರಂತೆ ಒಡೆಯನಿಗೆ, ಗುಂಪಿಗೆ ಮತ್ತು ಇತರರಿಗೆ ಸೇರಿದವು. ಆರ್, ಡಬ್ಲ್ಯು, ಎಕ್ಸ್ ಎಂಬ ಅನುಮತಿಗಳಿಗೆ ‘ಓದು, ಬರೆ, ಚಲಾಯಿಸು’ ಎಂದು ಬರೆದುಕೊಂಡಿದ್ದೇನೆ. ಅವುಗಳ ಬೆಲೆ ಕ್ರಮವಾಗಿ 4, 2, 1. ಹಾಗಾಗಿ ಅನುಮತಿ ಬದಲಿಸುವ ಕಮಾಂಡ್ ಬಳಸಿ ‘ಸಿಎಚ್‌ಮಾಡ್ 640’ ಎಂದು ಕೊಟ್ಟರೆ (6 ಎಂದರೆ 4+2) ಒಡೆಯನು ಓದಿ ಬರೆಯಬಹುದು, ಗುಂಪಿನವರು ಓದಬಹುದಷ್ಟೆ, ಇತರರಿಗೆ ಏನೂ ಇಲ್ಲ. ಕಡತದ ಮಟ್ಟಿಗೆ ಈ ಪದಗಳಲ್ಲಿ ನನಗೆ ತಕರಾರಿಲ್ಲ.

ಕೋಶಕ್ಕೆ ಬಂದರೆ ಇವೇ ಪದಗಳು ದಾರಿ ತಪ್ಪಿಸುತ್ತವೆ. ಕೋಶವನ್ನು ಯಾರೂ ‘ಚಲಾಯಿಸುವುದಿಲ್ಲ’; ಅಲ್ಲಿ ಎಕ್ಸ್ ಎಂದರೆ ಒಳಹೊಕ್ಕು ಅಲ್ಲಿನ ಕಡತಗಳನ್ನು ತಲುಪುವ ಹಕ್ಕು. ಆರ್ ಇದ್ದು ಎಕ್ಸ್ ಇಲ್ಲದಿದ್ದರೆ ಹೆಸರುಗಳು ಕಾಣುತ್ತವೆ, ಕಡತ ತೆರೆಯುವುದಿಲ್ಲ. ಎಕ್ಸ್ ಇದ್ದು ಆರ್ ಇಲ್ಲದಿದ್ದರೆ, ಹೆಸರು ಮೊದಲೇ ತಿಳಿದವರಿಗೆ ಮಾತ್ರ ಕಡತ ಸಿಗುತ್ತದೆ.

‘ಬರೆ’ ಎಂಬುದು ಇದಕ್ಕಿಂತ ಅಪಾಯಕಾರಿ. ಕೋಶವೊಂದರ ಮೇಲೆ ಡಬ್ಲ್ಯು ಮತ್ತು ಎಕ್ಸ್ ಎರಡೂ ಇರುವವರು, ಅದರೊಳಗಿನ ಇನ್ನೊಬ್ಬರ ಕಡತದ ಒಂದಕ್ಷರವನ್ನೂ ತಿದ್ದಲಾಗದಿದ್ದರೂ, ಸಾಮಾನ್ಯವಾಗಿ ‘ಆರ್‌ಎಂ’ ಕೊಟ್ಟು ಆ ಕಡತವನ್ನೇ ತೆಗೆದುಹಾಕಬಲ್ಲರು. ಹಾಗೆ ಹೋದದ್ದು ಕಸದ ಬುಟ್ಟಿಯಲ್ಲಿ ಸಿಗುವುದೂ ಇಲ್ಲ. ಕೋಶವು ಹಾಜರಿ ಪುಸ್ತಕವಿದ್ದಂತೆ, ಅದರಲ್ಲಿ ಬರೆಯುವುದೆಂದರೆ ಹೆಸರು ಸೇರಿಸುವುದು, ಬದಲಿಸುವುದು, ಹೊಡೆದುಹಾಕುವುದು. ತಾತ್ಕಾಲಿಕ ಕಡತಗಳಿಗಾಗಿ ಎಲ್ಲರಿಗೂ ತೆರೆದಿರುವ ‘ಟಿಎಂಪಿ’ ಕೋಶದ ಅನುಮತಿಗಳ ಕೊನೆಯಲ್ಲಿ ಸಾಮಾನ್ಯವಾಗಿ ‘ಟಿ’ ಕಾಣುವುದು ಇದೇ ಕಾರಣಕ್ಕೆ: ಅದಿದ್ದರೆ ಕಡತದ ಒಡೆಯ, ಕೋಶದ ಒಡೆಯ ಅಥವಾ ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರವುಳ್ಳ ಖಾತೆ) ಮಾತ್ರ ಹೆಸರನ್ನು ತೆಗೆಯಬಹುದು.

‘ಆರ್‌ಎಂ’ ನೇರವಾಗಿ ತೆಗೆಯುವುದು ಕೋಶದಲ್ಲಿನ ಹೆಸರನ್ನು; ಹಾಗಾಗಿ ಅದನ್ನು ವಿವರಿಸುವಾಗ ‘ಅಳಿಸು’ ಎನ್ನುವುದಕ್ಕಿಂತ ‘ತೆಗೆ’ ಎನ್ನುವುದು ನನಗೆ ಹೆಚ್ಚು ಒಪ್ಪಿಗೆ. ಅದೇ ಕಡತಕ್ಕೆ ಹಾರ್ಡ್ ಲಿಂಕ್ ಮೂಲಕ ಇನ್ನೊಂದು ಹೆಸರಿದ್ದರೆ ಒಳಗಿನ ಬರಹ ಉಳಿದೇ ಇರುತ್ತದೆ.

ಈಗ ನನ್ನ ಪ್ರಶ್ನೆ. ಕಡತಕ್ಕೆ ‘ಓದು, ಬರೆ, ಚಲಾಯಿಸು’ ಎಂದೂ, ಕೋಶಕ್ಕೆ ‘ಪಟ್ಟಿ ನೋಡು, ಪಟ್ಟಿ ತಿದ್ದು, ಒಳಹೋಗು’ ಎಂದೂ ಬೇರೆ ಬೇರೆ ಪದಗಳನ್ನು ಕೊಡಬಹುದೇ? ಪರದೆಯ ಮೇಲೆ ಎರಡಕ್ಕೂ ಅವೇ ಮೂರು ಅಕ್ಷರಗಳು ಕಾಣುವುದರಿಂದ ಹೊಸಬರಿಗೆ ಗೊಂದಲವಾಗಬಹುದೆಂಬ ಆಕ್ಷೇಪ ಬಂದಿದೆ. ಆದರೂ ನನ್ನ ಒಲವು ಬೇರೆ ಪದಗಳ ಕಡೆಗೇ ಇದೆ. ಹೊಸಬರಿಗೆ ಪಾಠ ಹೇಳಿದ ಅನುಭವವುಳ್ಳವರು, ವಿಶೇಷವಾಗಿ ‘ಒಳಹೋಗು’ ಎಂಬುದಕ್ಕಿಂತ ಚಿಕ್ಕದಾದ ಪದ ಬಳಸಿದವರು, ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.