ಸೆಲ್ಫ್ ಹೊಡೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ, ಸ್ಕ್ಯಾನರ್‌ಗೆ ಇಸಿಎಂ (ಇಂಜಿನ್ ಕಂಪ್ಯೂಟರ್) ಸಿಗ್ತಿಲ್ಲ

ಪಿ.ಬಿ. ರೋಡ್ ಡೀಸೆಲ್, ದಾವಣಗೆರೆ

ಎಪಿಎಂಸಿಗೆ ಮೆಕ್ಕೆಜೋಳ ಹೊಡೆಯೋ 12 ವೋಲ್ಟ್ ಕಾಮನ್ ರೈಲ್ ಪಿಕಪ್. ನಿನ್ನೆ ಸಂಜೆ ವಾಟರ್ ಸರ್ವೀಸ್ ಆಗಿದೆ, ಬೆಳಿಗ್ಗೆಯಿಂದ ಸ್ಟಾರ್ಟ್ ಇಲ್ಲ. ಕೀ ಆನ್ ಮಾಡಿದರೆ ಚೆಕ್ ಇಂಜಿನ್ ಲೈಟ್ ಬರೋದೇ ಇಲ್ಲ. ಸ್ಕ್ಯಾನರ್‌ನಲ್ಲಿ ಎಬಿಎಸ್ (ಬ್ರೇಕ್ ಕಂಪ್ಯೂಟರ್) ಓಪನ್ ಆಗುತ್ತೆ, ಅದರಲ್ಲಿ ಯು0100 ಕೋಡ್ ಇದೆ, ಅಂದರೆ ಇಸಿಎಂ ಜೊತೆ ಸಂಪರ್ಕ ಇಲ್ಲ ಅಂತ. ಇಂಜಿನ್‌ಗೆ ಹೋದರೆ ಲಿಂಕ್ ಎರರ್. ಫ್ಯೂಸ್‌ಗಳು ಸರಿ ಇವೆ. ಇಸಿಎಂ ಕಪ್ಲರ್ (ವೈರಿಂಗ್ ಪ್ಲಗ್) ತೆಗೆದು ನೋಡಿದೆ, ಬ್ಯಾಟರಿ ಪಿನ್‌ನಲ್ಲೂ ಕೀ ಪಿನ್‌ನಲ್ಲೂ 12.4 ಬರ್ತಿದೆ. ಓನರ್ ಹಳೇ ಇಸಿಎಂ ಒಂದು ತಂದು ಹಾಕೋಣ ಅಂತಿದ್ದಾರೆ. ಹಾಕಬಹುದಾ? ಅದಕ್ಕೆ ಮುಂಚೆ ಇನ್ನೇನು ನೋಡಬೇಕು?

ದುರ್ಗದ ವೈರಿಂಗ್

ಇಸಿಎಂ ಈಗಲೇ ತರಿಸಬೇಡಿ ಸರ್. 12.4 ಬಂತು ಅಂದ ಮಾತ್ರಕ್ಕೆ ಸಪ್ಲೈ ಸರಿ ಇದೆ ಅಂತಲ್ಲ. ಮೀಟರ್ ಎಳೆಯೋ ಕರೆಂಟ್ ಏನೂ ಅಲ್ಲ. ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತೆ. ಲೋಡ್ ಹಾಕಿ ನೋಡಿ. 21 ವ್ಯಾಟ್ ಇಂಡಿಕೇಟರ್ ಬಲ್ಬ್ ಸಾಕು, ಸುಮಾರು 1.75 ಆಂಪಿಯರ್ ಎಳೆಯುತ್ತೆ. ಕಪ್ಲರ್‌ನ ಸಪ್ಲೈ ಪಿನ್‌ಗೂ ಅರ್ಥ್ ಪಿನ್‌ಗೂ ನಡುವೆ ಬಲ್ಬ್ ಹಾಕಿದಾಗ ಅದು ಬ್ಯಾಟರಿ ಮೇಲೆ ಉರಿಯೋ ಹಾಗೇ ಉರಿಯಬೇಕು. ಉರಿಯುತ್ತಿರುವಾಗಲೇ ಬ್ಯಾಟರಿ ಮೈನಸ್ ಕಂಬದಿಂದ ಇಸಿಎಂ ಅರ್ಥ್ ಪಿನ್‌ಗೆ ಮೀಟರ್ ಇಡಿ. 0.1 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥ್ ಕೆಟ್ಟಿದೆ. ಇರೋ ಅರ್ಥ್ ಪಿನ್ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿ. ಸೆನ್ಸರ್ ವೈರ್‌ಗೆ ಮಾತ್ರ ಬಲ್ಬ್ ತಾಗಿಸಬೇಡಿ.

ನೀವು ನೋಡಿರೋದು ಎರಡು ಪಿನ್. ಮೂರನೆಯದು ಮೈನ್ ರಿಲೇಯಿಂದ ಬರೋ ಸಪ್ಲೈ. ಇಸಿಎಂನ ನಿಜವಾದ ಊಟ ಅದೇ. ಬಹಳಷ್ಟು ಗಾಡಿಗಳಲ್ಲಿ ಕೀ ಸಪ್ಲೈ ಬಂದ ಕೂಡಲೇ ಇಸಿಎಂ ಎಚ್ಚರವಾಗಿ, ರಿಲೇ ಕಾಯಿಲ್‌ಗೆ ತಾನೇ ಅರ್ಥ್ ಕೊಡುತ್ತೆ. ಹಾಗಾಗಿ ಕಪ್ಲರ್ ಬಿಚ್ಚಿಟ್ಟರೆ ಆ ಪಿನ್‌ನಲ್ಲಿ ಏನೂ ಬರಲ್ಲ, ಅದನ್ನು ನೋಡಿ ದಾರಿ ತಪ್ಪಬೇಡಿ. ವೈರಿಂಗ್ ಡಯಾಗ್ರಮ್‌ನಲ್ಲಿ ಕಾಯಿಲ್ ಕಂಟ್ರೋಲ್ ವೈರ್ ಯಾವುದು ಅಂತ ಖಚಿತ ಮಾಡಿಕೊಂಡು, ಅದೊಂದನ್ನೇ ಜಂಪರ್‌ನಿಂದ ಅರ್ಥ್ ಮಾಡಿ. ರಿಲೇ ಟಕ್ ಅನ್ನಬೇಕು. ಆಗ ರಿಲೇ ಔಟ್‌ಪುಟ್ ಪಿನ್‌ಗೆ ಬಲ್ಬ್ ಹಾಕಿ.

ಈಗ ಕಪ್ಲರ್ ಹಾಕಿ ಕೀ ಆನ್ ಮಾಡಿದರೆ ರಿಲೇ ಹೇಗೆ ಸದ್ದು ಮಾಡುತ್ತೆ ಅಂತಲೂ ತಿಳಿಸಿ.

ಹರಿಹರ ಆಟೋ ಎಲೆಕ್ಟ್ರಿಕಲ್

ಕ್ಯಾನ್ ಲೈನ್ (ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋ ಎರಡು ವೈರ್) ನೋಡೋಕೆ ಐದೇ ನಿಮಿಷ, ಅದನ್ನೂ ಮುಗಿಸಿಬಿಡಿ. ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಟ್ಟು, ಓಬಿಡಿ ಸಾಕೆಟ್‌ನ (ಸ್ಕ್ಯಾನರ್ ಚುಚ್ಚೋ ಜಾಗ) 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. 60 ಬಂದರೆ ಎರಡೂ ತುದಿಯ 120 ಓಮ್ ರೆಸಿಸ್ಟರ್ ಸಿಗುತ್ತಿವೆ ಅಂತ. 120 ಬಂದರೆ ಒಂದು ಕಡೆ ಕಟ್ಟಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ನಡುವೆ ಗೇಟ್‌ವೇ (ಲೈನ್‌ಗಳನ್ನು ಜೋಡಿಸೋ ಮಾಡ್ಯೂಲ್) ಇರೋ ಗಾಡಿಯಾದರೆ ಈ ಲೆಕ್ಕ ಗೇಟ್‌ವೇವರೆಗೆ ಮಾತ್ರ. ಮತ್ತೆ, 60 ಬಂತು ಅಂದರೆ ಇಸಿಎಂ ಬದುಕಿದೆ ಅಂತ ಅರ್ಥವಲ್ಲ. ಒಳಗಿನ ರೆಸಿಸ್ಟರ್ ಸತ್ತ ಇಸಿಎಂನಲ್ಲೂ 120 ಓಮ್ ತೋರಿಸುತ್ತೆ.

ಆಮೇಲೆ ಕಪ್ಲರ್ ಹಾಕಿ, ಕೀ ಆನ್ ಇಟ್ಟು, ರೈಲ್ ಪ್ರೆಶರ್ ಸೆನ್ಸರ್ ಕಪ್ಲರ್‌ನಲ್ಲಿ 5 ವೋಲ್ಟ್ ಬರ್ತಿದೆಯಾ ನೋಡಿ. ಅದು ಬಿದ್ದಿದ್ದರೆ 5 ವೋಲ್ಟ್ ತಗೊಳ್ಳೋ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚಿ: ರೈಲ್ ಪ್ರೆಶರ್, ಬೂಸ್ಟ್, ಆಕ್ಸಿಲರೇಟರ್ ಪೆಡಲ್. ಯಾವುದನ್ನು ತೆಗೆದಾಗ 5 ವಾಪಸ್ ಬರುತ್ತೋ ಅದು ಇಲ್ಲವೇ ಅದರ ವೈರ್ ಶಾರ್ಟ್. ಒಂದು ಸೆನ್ಸರ್ ಶಾರ್ಟ್ ಆದರೆ ಕೆಲವು ಗಾಡಿಗಳಲ್ಲಿ ಇಸಿಎಂ ಪೂರ್ತಿ ಸತ್ತ ಹಾಗೇ ಕಾಣುತ್ತೆ.

ಹಳೇ ಇಸಿಎಂ ಸುಮ್ಮನೆ ಹಾಕಿದರೆ ಸ್ಟಾರ್ಟ್ ಆಗದೇ ಇರಬಹುದು. ಇಮೊಬಿಲೈಸರ್ (ಕಳ್ಳತನ ತಡೆಯೋ ಕೀ ಲಾಕ್) ಇದ್ದರೆ ಮ್ಯಾಚ್ ಮಾಡಬೇಕು, ಇಂಜೆಕ್ಟರ್ ಕೋಡ್ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈಗ ಗಾಡಿಯಲ್ಲಿರೋದನ್ನು ಸುಟ್ಟ ಶಾರ್ಟ್ ವೈರಿಂಗ್‌ನಲ್ಲೇ ಇದ್ದರೆ ತಂದದ್ದೂ ಸುಡುತ್ತೆ.

ಪಿ.ಬಿ. ರೋಡ್ ಡೀಸೆಲ್, ದಾವಣಗೆರೆ

ಎಲ್ಲ ನೋಡಿದೆ. 6–14ರಲ್ಲಿ 60 ಓಮ್. ಬ್ಯಾಟರಿ ಪಿನ್, ಕೀ ಪಿನ್ ಎರಡರಲ್ಲೂ ಬಲ್ಬ್ ಚೆನ್ನಾಗಿ ಉರಿಯುತ್ತೆ. ಅರ್ಥ್ 0.04. ಸೆನ್ಸರ್‌ನಲ್ಲಿ 5 ವೋಲ್ಟ್ ಒಮ್ಮೆ ಮಿಂಚಿ ಹೋಗುತ್ತೆ, ನಿಲ್ಲಲ್ಲ. ಎಲ್ಲ ಸೆನ್ಸರ್ ತೆಗೆದರೂ ಹಾಗೇ. ಕೀ ಆನ್ ಮಾಡಿದಾಗ ರಿಲೇ ಟಕ್‌ಟಕ್‌ಟಕ್ ಅಂತ ಬಡಿದು ನಿಲ್ಲುತ್ತೆ. ಜಂಪರ್ ಹಾಕಿ ರಿಲೇ ಹಿಡಿಸಿದೆ: ಔಟ್‌ಪುಟ್‌ನಲ್ಲಿ ಮೀಟರ್ 12.3 ಅನ್ನುತ್ತೆ, ಬಲ್ಬ್ ಹಾಕಿದರೆ ಕೆಂಪಗೆ ಮಿಣುಕುತ್ತೆ, 7ಕ್ಕೆ ಇಳಿಯುತ್ತೆ. ರಿಲೇ ಹೊಸದು ಹಾಕಿದರೂ ಅಷ್ಟೇ.

ದುರ್ಗದ ವೈರಿಂಗ್

ಸಿಕ್ಕಿತು ಸರ್. ಇಸಿಎಂ ಎಚ್ಚರವಾಗಿ ರಿಲೇ ಎಳೆಯುತ್ತೆ, ಲೋಡ್ ಬಿದ್ದ ತಕ್ಷಣ ವೋಲ್ಟೇಜ್ ಕುಸಿಯುತ್ತೆ, ಇಸಿಎಂ ರೀಸೆಟ್ ಆಗಿ ರಿಲೇ ಬಿಡುತ್ತೆ. ಆ ಬಡಿತ ಅದೇ. ರಿಲೇ ಹೊಸದಾದರೂ ಸಾಕೆಟ್ ಹಳೇದು. ಬಲ್ಬ್ ಉರಿಸಿಟ್ಟು ಬ್ಯಾಟರಿ ಪ್ಲಸ್‌ನಿಂದ ರಿಲೇಯ 30ನೇ ಕಾಲಿಗೆ (ಸಪ್ಲೈ ಬರೋದು), ಆಮೇಲೆ 30ರಿಂದ 87ಕ್ಕೆ (ಔಟ್‌ಪುಟ್), 87ರಿಂದ ಇಸಿಎಂ ಪಿನ್‌ಗೆ ಮೀಟರ್ ಇಡುತ್ತಾ ಹೋಗಿ. 12ರಿಂದ 7ಕ್ಕೆ ಇಳಿದಾಗ ಕಳೆದುಹೋದ ಆ ಸುಮಾರು 5 ವೋಲ್ಟ್ ಎಲ್ಲಿ ತೋರುತ್ತೋ ಅಲ್ಲೇ ಕೆಟ್ಟಿದೆ. ಸಾಕೆಟ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಹಸಿರು ಹಿಡಿದಿರುತ್ತೆ, ಇಲ್ಲ ಟರ್ಮಿನಲ್ ಬಾಯಿ ಅಗಲವಾಗಿರುತ್ತೆ.

ಪಿ.ಬಿ. ರೋಡ್ ಡೀಸೆಲ್, ದಾವಣಗೆರೆ

30ನೇ ಕಾಲಿಗೇ ಡ್ರಾಪ್. ಸಾಕೆಟ್ ಎತ್ತಿದರೆ ಕೆಳಗಿನ ಟರ್ಮಿನಲ್ ಹಸಿರುಪುಡಿಯಾಗಿ, ಕ್ರಿಂಪ್ ಹತ್ತಿರ ವೈರ್ ಕಪ್ಪಾಗಿ ಎರಡೇ ಎಳೆ ಉಳಿದಿವೆ. ವೈರನ್ನು ಎಷ್ಟು ಹಿಂದಕ್ಕೆ ಕತ್ತರಿಸಲಿ?

ದುರ್ಗದ ವೈರಿಂಗ್

ತಾಮ್ರ ಕೆಂಪಗೆ ಹೊಳೆಯೋವರೆಗೆ. ಇನ್ಸುಲೇಶನ್ ಒಳಗೆ ಕಪ್ಪು ಬಹಳ ದೂರ ಹೋಗಿರುತ್ತೆ. ಅಷ್ಟೇ ದಪ್ಪದ ವೈರ್ ಸೇರಿಸಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ, ಜಾಯಿಂಟ್ ಮೇಲೆ ಅಂಟು ಇರೋ ಹೀಟ್ ಶ್ರಿಂಕ್ ಹಾಕಿ. ಸಾಕೆಟ್‌ಗೆ ಮೀಟರ್‌ನ ದಪ್ಪ ಕಡ್ಡಿ ಚುಚ್ಚಬೇಡಿ, ಬಾಯಿ ಅಗಲವಾಗುತ್ತೆ. ಆಮೇಲೆ ಅದೇ ಬಲ್ಬ್ ಹಾಕಿ, ವೈರಿಂಗ್ ಅಲ್ಲಾಡಿಸುತ್ತಾ ನೋಡಿ. ಬೆಳಕು ಕದಲದೇ ಇದ್ದರೆ ಇಸಿಎಂ ಕಪ್ಲರ್ ಹಾಕಿ, ಎಬಿಎಸ್‌ನಲ್ಲಿರೋ ಯು0100 ಅಳಿಸಿ.