‘ಬಿಸಿಯಾರಿಕೆ’ ನಡೆದೀತೇ? ಪ್ರೊಸೆಸರ್ ತಾಪ ಇಳಿಸುವ ಬಗೆಗೆ ಕೆಲವು ಪದಗಳ ವಿಚಾರ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಂಡ್ಯದಲ್ಲಿ ಕಂಪ್ಯೂಟರ್ ದುರಸ್ತಿ ಕಲಿಯುತ್ತಿರುವ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಪ್ರೊಸೆಸರ್, ಎಂದರೆ ಕಂಪ್ಯೂಟರ್‌ನ ಲೆಕ್ಕವೆಲ್ಲ ಮಾಡುವ ಚಿಪ್, ಬಿಸಿಯಾಗುವುದು ಏಕೆ, ಆ ಬಿಸಿಯನ್ನು ಇಳಿಸುವುದು ಹೇಗೆ ಎಂಬ ಅಧ್ಯಾಯದಲ್ಲಿ ಕೈ ನಿಂತಿದೆ. ‘ಏರ್ ಕೂಲಿಂಗ್’ ಎಂಬುದಕ್ಕೆ ಏನು ಬರೆಯಲಿ? ಮೊದಲ ಕರಡಿನಲ್ಲಿ ‘ವಾಯು ಶೀತಲೀಕರಣ’ ಎಂದಿತ್ತು. ಓದಿದ ಹುಡುಗನೊಬ್ಬ ಅದು ಐಸ್‌ಕ್ರೀಮ್ ಗೋದಾಮಿನ ವಿಷಯ ಎಂದುಕೊಂಡ. ಅದನ್ನು ಹೊಡೆದು ‘ಗಾಳಿಯಿಂದ ತಂಪುಗೊಳಿಸುವುದು’ ಎಂದು ತಿದ್ದಿದೆ. ಈಗ ಅದರ ಮೇಲೂ ಅನುಮಾನ ಬಂದಿದೆ. ಅದು ಭಾಷೆಗೂ ಹೊಂದುವುದಿಲ್ಲ, ವಿಜ್ಞಾನಕ್ಕೂ ಹೊಂದುವುದಿಲ್ಲ ಎಂಬುದು ನನ್ನ ಅನಿಸಿಕೆ.

ಅನುಮಾನ ಹುಟ್ಟಿದ್ದು ನನ್ನದೇ ಮೇಜಿನ ಮೇಲೆ. ಕಳೆದ ಏಪ್ರಿಲ್‌ನಲ್ಲಿ, ಮೈಸೂರಿನ ಸರಸ್ವತಿಪುರದ ನಮ್ಮ ಮನೆಯಲ್ಲಿ, ಮಧ್ಯಾಹ್ನ ಎರಡು ಗಂಟೆಯಾದರೆ ಕಂಪ್ಯೂಟರ್ ತಾನಾಗಿಯೇ ನಿಂತುಹೋಗುತ್ತಿತ್ತು. ಕೋಣೆಯಲ್ಲಿ 34 ಡಿಗ್ರಿ ಸೆಲ್ಸಿಯಸ್, ಪ್ರೊಸೆಸರ್‌ನಲ್ಲಿ 98. ಶನಿವಾರ ಪಾಠಕ್ಕೆ ಹೋಗುವಾಗ ಪೆಟ್ಟಿಗೆಯನ್ನು ಮಂಡ್ಯಕ್ಕೇ ಒಯ್ದು, ಗುತ್ತಲು ರಸ್ತೆಯಲ್ಲಿರುವ ಪರಿಚಯದ ಮೆಕ್ಯಾನಿಕ್ ಮುಂದೆ ಇಟ್ಟೆ. ಅವರು ಪಕ್ಕದ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು, ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಫ್ಯಾನಿಗೂ ಅದರ ಕೆಳಗಿನ ಅಲ್ಯೂಮಿನಿಯಂ ತಗಡುಗಳಿಗೂ ನಡುವೆ ಬೂದುಬಣ್ಣದ ದೂಳು ಕಂಬಳಿಯ ತುಂಡಿನ ಹಾಗೆ ಹೆಣೆದುಕೊಂಡಿತ್ತು. ಉಗುರು ಹಾಕಿ ಎತ್ತಿದರೆ ಇಡಿಯಾಗಿ ಎದ್ದು ಬಂತು.

“ಫ್ಯಾನ್ ತಿರುಗುತ್ತಿದೆ ಸಾರ್, ಗಾಳಿ ಆಡುತ್ತಿಲ್ಲ” ಎಂದರು.

ಈ ಒಂದು ಮಾತಿನಲ್ಲಿ ಅರ್ಧ ಅಧ್ಯಾಯ ಇದೆ. ನಾನು ಬರೆದಿದ್ದ ‘ವಾಯುಸಂಚಲನೆಯ ಕೊರತೆ’ಯನ್ನು ಅಲ್ಲೇ ಮನಸ್ಸಿನಲ್ಲಿ ಅಳಿಸಿಬಿಟ್ಟೆ. ಗಾಳಿಯಾಡುವ ಮನೆ, ಗಾಳಿಯಾಡದ ಕೋಣೆ ಎಂದು ನಾವು ದಿನವೂ ಹೇಳುತ್ತೇವೆ. ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋದರೆ ಮಾತ್ರ ಗಾಳಿ ಆಡುತ್ತದೆ. ಎದುರುಬದುರು ಕಿಟಕಿ ಇಡುವುದು ಅದಕ್ಕೇ. ಕಂಪ್ಯೂಟರ್ ಪೆಟ್ಟಿಗೆಗೂ ಇದೇ ಲೆಕ್ಕ. ಮುಂದಿನಿಂದ ಹೊರಗಿನ ಗಾಳಿಯನ್ನು ಎಳೆಯುವ ಫ್ಯಾನ್, ಹಿಂದೆ ಅಥವಾ ಮೇಲೆ ಬಿಸಿಗಾಳಿಯನ್ನು ದೂಡುವ ಫ್ಯಾನ್. ಎರಡೂ ಒಳಕ್ಕೇ ಎಳೆದರೆ, ಅಥವಾ ಪೆಟ್ಟಿಗೆಯ ಬೆನ್ನನ್ನು ಗೋಡೆಗೆ ಒತ್ತಿಟ್ಟರೆ, ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಒಳಗಿನ ಬಿಸಿಗಾಳಿಯೇ ಸುತ್ತು ಹೊಡೆಯುತ್ತದೆ. ಆದ್ದರಿಂದ ‘ಏರ್‌ಫ್ಲೋ’ಗೆ ‘ಗಾಳಿಯಾಟ’ ಎಂದು ಬರೆಯಲು ನಿರ್ಧರಿಸಿದ್ದೇನೆ. ಇದರಲ್ಲಿ ನನಗೆ ಸಂಶಯವಿಲ್ಲ. ಯಾರಾದರೂ ಬಲವಾದ ಆಕ್ಷೇಪ ತಂದರೆ ಕೇಳಲು ಸಿದ್ಧ.

ಕಷ್ಟ ಇರುವುದು ಮುಂದಿನ ಪದದಲ್ಲಿ. ಮೆಕ್ಯಾನಿಕ್ ತಗಡುಗಳನ್ನು ಬ್ರಷ್‌ನಿಂದ ತಿಕ್ಕಿ, ಪ್ರೊಸೆಸರ್‌ಗೂ ಆ ತಗಡುಗಳ ತಳಕ್ಕೂ ನಡುವೆ ಒಣಗಿ ಬಿರುಕುಬಿಟ್ಟಿದ್ದ ಹಳೆಯ ಪೇಸ್ಟನ್ನು ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಹೊಸದನ್ನು ಇಟ್ಟು, ಪೆಟ್ಟಿಗೆಯ ಹಿಂಭಾಗಕ್ಕೆ 120 ಮಿಲಿಮೀಟರ್‌ನ ಇನ್ನೊಂದು ಫ್ಯಾನ್ ಕೂರಿಸಿದರು. “ಇನ್ನು ಬಿಸಿ ಬೇಗ ಆರುತ್ತದೆ” ಎಂದರು. ಮನೆಗೆ ಬಂದು ಅದೇ ಕೆಲಸವನ್ನು ಅದೇ ಹೊತ್ತಿನಲ್ಲಿ ಮಾಡಿ ನೋಡಿದೆ. 72 ಡಿಗ್ರಿಗೆ ಬಂದು ನಿಂತಿತು. ಕೆಲಸವಿಲ್ಲದೆ ಬಿಟ್ಟಾಗ 43. ಕೋಣೆಯ 34ಕ್ಕಿಂತ ಕೆಳಗೆ ಅದು ಎಂದೂ ಹೋಗಲಿಲ್ಲ, ಹೋಗುವಂತೆಯೂ ಇಲ್ಲ. ಕೋಣೆಯ ಗಾಳಿಯನ್ನೇ ಬೀಸುವ ಫ್ಯಾನ್, ಒದ್ದೆಯಿಲ್ಲದ ಯಾವ ವಸ್ತುವನ್ನೂ ಆ ಗಾಳಿಗಿಂತ ತಣ್ಣಗೆ ಮಾಡಲಾರದು.

ಇಲ್ಲಿ ‘ತಂಪು’ ಮತ್ತು ‘ಆರು’ ಬೇರೆಯಾಗುತ್ತವೆ. ಮಡಕೆಯ ನೀರು ತಂಪು. ಏಕೆಂದರೆ ಹೊರಮೈಯಿಂದ ನೀರು ಆವಿಯಾಗಿ ಒಳಗಿನ ನೀರು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮರದ ನೆರಳು ತಂಪು. ಆದರೆ ಒಲೆಯಿಂದ ಇಳಿಸಿಟ್ಟ ಸಾರು ಆರುತ್ತದೆ, ಕಾಫಿ ಆರುತ್ತದೆ. ಆರಿದ ಕಾಫಿಯನ್ನು ತಂಪು ಕಾಫಿ ಎಂದು ಯಾರೂ ಕರೆಯುವುದಿಲ್ಲ. ಆರುವುದು ಎಂದರೆ ಹೆಚ್ಚಿದ ಬಿಸಿ ಸುತ್ತಲಿನ ಮಟ್ಟದ ಕಡೆಗೆ ಇಳಿಯುವುದು. ಆ ಮಟ್ಟ ಮುಟ್ಟಿದರೆ ಮುಗಿಯಿತು. ಗಾಳಿಯಿಂದ ಪ್ರೊಸೆಸರ್‌ಗೆ ಆಗುವುದು ಇದೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ನಮ್ಮ ಹಳೆಯ ಕ್ರಿಯಾಪದ ಇಷ್ಟು ನಿಖರವಾಗಿ ಕೂರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

‘ತಣಿಸು’ ಏಕಲ್ಲ ಎಂದು ಕೇಳುವವರಿರಬಹುದು. ಆಗಬಹುದು, ಆದರೆ ನಮ್ಮ ಕಡೆ ಹಸಿವು ತಣಿಯುತ್ತದೆ, ಮನಸ್ಸು ತಣಿಯುತ್ತದೆ. ಆ ಪದದಲ್ಲಿ ತೃಪ್ತಿಯ ಎಳೆ ಮುಂದಿದೆ, ಬಿಸಿಯ ಎಳೆ ಹಿಂದಿದೆ.

ಹಾಗಾದರೆ ‘ಪ್ರೊಸೆಸರ್ ಆರಿಸುವುದು’ ಎಂದು ತಲೆಬರಹ ಕೊಟ್ಟರೆ? ಅಲ್ಲೇ ಸಿಕ್ಕು. ಮೊದಲು ಓದಿದವನು ಅಂಗಡಿಯಲ್ಲಿ ಯಾವ ಪ್ರೊಸೆಸರ್ ಕೊಳ್ಳಬೇಕು ಎಂಬ ಸಲಹೆ ಎಂದುಕೊಳ್ಳುತ್ತಾನೆ. ಅಕ್ಕಿಯಲ್ಲಿ ಕಲ್ಲು ಆರಿಸುವ, ಶಾಸಕರನ್ನು ಆರಿಸುವ ‘ಆರಿಸು’ ಅವನ ಕಣ್ಣಿಗೆ ಬೀಳುತ್ತದೆ. ಎರಡನೆಯವನು ದೀಪ ಆರಿಸುವಂತೆ ಅದನ್ನು ನಿಲ್ಲಿಸಬೇಕು ಎಂದುಕೊಳ್ಳುತ್ತಾನೆ. ಮೂರನೆಯವನಿಗೆ ಮಾತ್ರ ನನ್ನ ಅರ್ಥ ಹೊಳೆಯುತ್ತದೆ. ಆಯ್ದುಕೊಳ್ಳುವ ‘ಆರಿಸು’ ಬೇರೆ ಮಾತು, ‘ಆಯ್’ ಎಂಬುದರ ನಂಟು. ಬಿಸಿ, ದೀಪ, ಒದ್ದೆ ಬಟ್ಟೆ, ಗಾಯ ಇವೆಲ್ಲ ಆರುವ ‘ಆರು’ ಹಳಗನ್ನಡದಲ್ಲಿ ಶಕಟರೇಫದ, ಎಂದರೆ ಱ ಎಂಬ ಹಳೆಯ ಅಕ್ಷರದ, ‘ಆಱು’. ತಮಿಳಿನಲ್ಲಿ ಇಂದಿಗೂ ಅದೇ ಱಕಾರದಿಂದ ಬರೆಯುತ್ತಾರೆ, ಅಲ್ಲಿಯೂ ಕಾಫಿ ಆರುತ್ತದೆ, ಗಾಯ ಆರುತ್ತದೆ. ನಮ್ಮ ಬರಹದಲ್ಲಿ ಱ ಹೋದಮೇಲೆ ಗುರುತು ಅಳಿಸಿತು.

ಇದಕ್ಕೆ ದಾರಿಯೂ ಕನ್ನಡದೊಳಗೇ ಇದೆ ಎಂದು ನನಗೆ ತೋರುತ್ತದೆ. ‘ದಣಿವಾರಿಸಿಕೊಳ್ಳು’ ಎನ್ನುತ್ತೇವೆ. ಅಲ್ಲಿ ಆರುವುದು ಮನುಷ್ಯನಲ್ಲ, ಅವನ ದಣಿವು. ‘ಬಾಯಾರಿಕೆ’ಯಲ್ಲಿ ಬಾಯಿ ಆರುತ್ತದೆ. ಏನು ಆರುತ್ತದೆ ಎಂಬುದನ್ನು ಪದದೊಳಗೇ ಹೇಳಿಬಿಟ್ಟರೆ ಗೊಂದಲ ಇರುವುದಿಲ್ಲ. ಅದೇ ಜಾಡಿನಲ್ಲಿ ‘ಬಿಸಿಯಾರಿಸು’, ‘ಬಿಸಿಯಾರಿಕೆ’. ‘ಪ್ರೊಸೆಸರ್‌ನ ಬಿಸಿಯಾರಿಕೆಗೆ ಒಳ್ಳೆಯ ಗಾಳಿಯಾಟ ಬೇಕು’ ಎಂದು ಬರೆದು ನಾಲ್ಕು ಹುಡುಗರಿಗೆ ಓದಿಸಿದೆ. ಯಾರೂ ಅರ್ಥ ಕೇಳಲಿಲ್ಲ. ಒಬ್ಬಳು ಮಾತ್ರ ‘ಬಿಸಿ ಆರುವಿಕೆ’ ಎಂದು ಬಿಡಿಸಿ ಬರೆಯಿರಿ ಎಂದಳು.

ಇನ್ನು ಹೀಟ್‌ಸಿಂಕ್, ಎಂದರೆ ಪ್ರೊಸೆಸರ್ ಮೇಲೆ ಕೂರುವ, ಆ ತಗಡುಗಳಿರುವ ಲೋಹದ ಭಾಗ. ‘ಶಾಖಹೀರಕ’ ಎಂಬ ರೂಪ ನನಗೆ ಹಿಡಿಸುವುದಿಲ್ಲ. ಹೀರಿ ಇಟ್ಟುಕೊಂಡರೆ ಅದೂ ಕಾದು ಕುಳಿತೀತು; ಅದರ ಕೆಲಸ ಇಟ್ಟುಕೊಳ್ಳುವುದಲ್ಲ, ಹರವುವುದು. ಬೆರಳುಗುರಿನಷ್ಟು ಜಾಗದಲ್ಲಿ ಹುಟ್ಟುವ ಕಾವನ್ನು ತಾಮ್ರದ ತಳ, ಕೊಳವೆಗಳ ಮೂಲಕ ಹತ್ತಾರು ತೆಳು ತಗಡುಗಳಿಗೆ ಹರಡಿ, ಗಾಳಿ ತಾಗುವ ಮೈಯನ್ನು ಹೆಚ್ಚಿಸುವುದು. ಇದನ್ನು ವಿವರಿಸಲು ನನಗೆ ನೆರವಾದದ್ದು ಆಲೆಮನೆ. ಮಂಡ್ಯದ ಹುಡುಗರಿಗೆ ಅದನ್ನು ಹೊಸದಾಗಿ ಹೇಳಬೇಕಿಲ್ಲ. ಕೊಪ್ಪರಿಗೆಯಲ್ಲಿ ಕುದಿದ ಪಾಕವನ್ನು ಅಲ್ಲೇ ಆರಲು ಬಿಡುವುದಿಲ್ಲ. ಅಗಲವಾದ ತೊಟ್ಟಿಗೆ ಸುರಿದು, ಹರವಿ, ತಿರುವಿ ಆರಿಸಿ, ಆಮೇಲೆ ಅಚ್ಚಿಗೆ ಹಾಕುತ್ತಾರೆ. ಪುಳಿಯೋಗರೆಗೆ ಅನ್ನವನ್ನು ತಟ್ಟೆಯಲ್ಲಿ ಹರವಿ ಆರಿಸುವುದೂ ಇದೇ. ಮೊದಲು ಹರವು, ಆಮೇಲೆ ಆರಿಸು. ಒಂದು ಕೆಲಸ ಲೋಹದ್ದು, ಇನ್ನೊಂದು ಗಾಳಿಯದು. ಹೀಟ್‌ಸಿಂಕನ್ನು ‘ಕಾವುಹರವು’ ಎಂದರೆ ತೀರಾ ಎಳೆದುತಂದಂತೆ ಆಗುತ್ತದೆಯೇ? ಅಂಗಡಿಯಲ್ಲಿ ಎಲ್ಲರೂ ಹೀಟ್‌ಸಿಂಕ್ ಎನ್ನುತ್ತಾರೆ. ಭಾಗದ ಹೆಸರನ್ನು ಹಾಗೆಯೇ ಉಳಿಸಿ, ಕೆಲಸವನ್ನು ಮಾತ್ರ ಕನ್ನಡದಲ್ಲಿ ಹೇಳುವ ಕಡೆಗೆ ಮನಸ್ಸು ವಾಲುತ್ತಿದೆ. ಅದರ ಸಾಲು ಸಾಲು ‘ಫಿನ್’ಗಳಿಗೆ ‘ತಗಡು’ ಸಾಕು. ‘ರೆಕ್ಕೆ’ ಎಂದರೆ ಫ್ಯಾನಿನ ರೆಕ್ಕೆಯೊಂದಿಗೆ ಕಲಸಿಹೋಗುತ್ತದೆ.

ಪೇಸ್ಟ್ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ‘ಲೇಪಿಸಿ’ ಎಂದು ಬರೆದರೆ ಹುಡುಗರು ಗೋಡೆಗೆ ಸುಣ್ಣ ಬಳಿದ ಹಾಗೆ ದಪ್ಪಗೆ ಬಳಿಯುತ್ತಾರೆ, ಕಣ್ಣಾರೆ ಕಂಡಿದ್ದೇನೆ. ಪ್ರೊಸೆಸರ್‌ನ ಮೇಲ್ಮೈಯೂ ಲೋಹದ ತಳವೂ ಕಣ್ಣಿಗೆ ನುಣುಪು, ಆದರೆ ನಡುವೆ ಕಾಣದ ಸಂದುಗಳು, ಆ ಸಂದುಗಳಲ್ಲಿ ಗಾಳಿ. ಅಲುಗದ ಗಾಳಿಗಿಂತ ತಾಮ್ರ ಸುಮಾರು 15,000 ಪಟ್ಟು ಚೆನ್ನಾಗಿ ಶಾಖವನ್ನು ದಾಟಿಸುತ್ತದೆ. ಪೇಸ್ಟ್ ತಾಮ್ರಕ್ಕೆ ಸಮವಲ್ಲ, ಗಾಳಿಗಿಂತ ಮೇಲು, ಅಷ್ಟೇ. ಆದ್ದರಿಂದ ಸಂದು ತುಂಬುವಷ್ಟು ಮಾತ್ರ ಬೇಕು, ನಡುವಿನಲ್ಲಿ ಒಂದು ಬಟಾಣಿ ಕಾಳಿನಷ್ಟು. ‘ಸಂದು ತುಂಬುವ ಪೇಸ್ಟ್’ ಎಂದೇ ಬರೆಯುತ್ತೇನೆ.

ಬಹಳ ಕಾದಾಗ, ಬಹುಪಾಲು ಪ್ರೊಸೆಸರ್‌ಗಳಲ್ಲಿ 90ರಿಂದ 105 ಡಿಗ್ರಿಯ ನಡುವಿನ ಒಂದು ಮಿತಿ ಮುಟ್ಟಿದಾಗ, ಅದು ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೆ ‘ವೇಗತಗ್ಗು’ ಎಂದಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ತಿಳಿಸಿ.

ಕೊನೆಯದಾಗಿ, ಶಾಲೆಯ ಪಾಠದ ‘ಸಂವಹನ’. ವಹನ, ಸಂವಹನ, ವಿಕಿರಣ ಎಂದು ಶಾಖ ಸಾಗುವ ಮೂರು ಬಗೆಗಳನ್ನು ನಾವೆಲ್ಲ ಬಾಯಿಪಾಠ ಮಾಡಿದವರು. ಕಾದ ಗಾಳಿ ಹಗುರಾಗಿ ಮೇಲೇರಿ, ಆ ಜಾಗಕ್ಕೆ ತಣ್ಣನೆಯ ಗಾಳಿ ಬರುವುದು ಸಂವಹನ. ಆದರೆ ಇಂದು ಪತ್ರಿಕೆ ಓದುವವನಿಗೆ ಸಂವಹನ ಎಂದರೆ ಸಮೂಹ ಸಂವಹನ, ಸಂವಹನ ಕೌಶಲ. ‘ಪೆಟ್ಟಿಗೆಯೊಳಗೆ ಸಂವಹನ ಸರಿಯಿಲ್ಲ’ ಎಂದು ಬರೆದಿದ್ದಕ್ಕೆ ಒಬ್ಬ ವಿದ್ಯಾರ್ಥಿ ಕೇಬಲ್ ಕಿತ್ತು ಮತ್ತೆ ಹಾಕಿ ನೋಡಿದ. ಅವನ ತಪ್ಪಿಲ್ಲ. ಪಾಠದ ಪದವನ್ನು ಬಿಟ್ಟರೆ ಪರೀಕ್ಷೆಗೆ ತೊಂದರೆ, ಇಟ್ಟುಕೊಂಡರೆ ಕೆಲಸಕ್ಕೆ ತೊಂದರೆ. ಸದ್ಯಕ್ಕೆ ‘ಉಷ್ಣ ಸಂವಹನ’ ಎಂದು ಒಮ್ಮೆ ಹೇಳಿ, ಮುಂದೆಲ್ಲ ‘ಗಾಳಿಯಾಟ’ವನ್ನೇ ಬಳಸಿದ್ದೇನೆ.

ನಾನು ಮುಖ್ಯವಾಗಿ ತಿಳಿಯಬೇಕಿರುವುದು ಎರಡು. ಧಾರವಾಡ, ಕಲಬುರಗಿ, ಕರಾವಳಿಯ ಕಡೆ ಬಿಸಿ ಅನ್ನ, ಬಿಸಿ ಹಾಲು ಆರುತ್ತದೆಯೇ, ತಣಿಯುತ್ತದೆಯೇ ಅಥವಾ ಬೇರೆ ಮಾತಿದೆಯೇ? ‘ಆರು’ ಎಂದರೆ ನಿಮ್ಮಲ್ಲಿ ಒಣಗುವುದು ಅಥವಾ ನಂದುವುದು ಮಾತ್ರವಾದರೆ, ‘ಬಿಸಿಯಾರಿಕೆ’ ಕೇಳಿದಾಗ ಮೊದಲು ಏನು ಹೊಳೆಯುತ್ತದೆ? ಮುಂದಿನ ಶನಿವಾರದೊಳಗೆ ಬರೆದರೆ ಆ ಅಧ್ಯಾಯವನ್ನು ತಿದ್ದಿಯೇ ಮಂಡ್ಯದ ರೈಲು ಹತ್ತುತ್ತೇನೆ.