33 ವಾರ, ಎಡ ಕಿಡ್ನಿ ಮೇಲೆ ಗಡ್ಡೆ: ನ್ಯೂರೋಬ್ಲಾಸ್ಟೋಮಾನೋ, ರಕ್ತಸ್ರಾವವೋ?

ಸ್ಕ್ಯಾನ್‌ಕೋಣೆ: 33 ವಾರದ ಗರ್ಭಿಣಿಯ ಗ್ರೋತ್ ಸ್ಕ್ಯಾನ್. ಮಗುವಿನ ಎಡ ಕಿಡ್ನಿ ಮೇಲೆ 2.6 × 2.2 × 2.4 ಸೆಂ.ಮೀ. ಗಡ್ಡೆ, ಅರ್ಧ ಗಟ್ಟಿ, ಅರ್ಧ ನೀರು. ಕಲರ್ ಡಾಪ್ಲರ್ (ರಕ್ತದ ಓಟ ತೋರಿಸೋದು) ಹಾಕಿದರೆ ಒಳಗೆ ಏನೂ ಇಲ್ಲ. 20 ವಾರದ ಅನಾಮಲಿ ಸ್ಕ್ಯಾನ್ ನಾರ್ಮಲ್. ನ್ಯೂರೋಬ್ಲಾಸ್ಟೋಮಾ (ಎಳೆ ನರಕೋಶಗಳ ಕ್ಯಾನ್ಸರ್ ಗಡ್ಡೆ) ಬಿಟ್ಟು, ಅಡ್ರಿನಲ್ (ಕಿಡ್ನಿ ಮೇಲಿನ ಗ್ರಂಥಿ) ರಕ್ತಸ್ರಾವ ಅಂತ ಬರೆದುಬಿಡಬಹುದಾ?

ಕಪ್ಪುಬಿಳುಪು: ಬೇಡ. ಮೊದಲು ಸೆಟ್ಟಿಂಗ್ ನೋಡಿ ಸರ್. ಪಿಆರ್‌ಎಫ್ (ಡಾಪ್ಲರ್ ಅಲೆ ಬಿಡುವ ದರ) ಜಾಸ್ತಿ ಇದ್ದರೆ ನಿಧಾನದ ರಕ್ತದ ಓಟ ಕಾಣೋದೇ ಇಲ್ಲ. ಪವರ್ ಡಾಪ್ಲರ್ ಹಾಕಿ, ಪಿಆರ್‌ಎಫ್, ವಾಲ್ ಫಿಲ್ಟರ್ (ನಿಧಾನದ ಓಟವನ್ನು ಸೋಸಿ ತೆಗೆಯೋದು) ಎರಡೂ ಇಳಿಸಿ, ಬಾಕ್ಸ್ ಗಡ್ಡೆಯಷ್ಟೇ ಇಡಿ. ಗೇನ್ ಚುಕ್ಕಿ ಚೆಲ್ಲುವವರೆಗೆ ಏರಿಸಿ, ಒಂದು ಹೆಜ್ಜೆ ಹಿಂದೆ ಬನ್ನಿ. ಮಗು ಉಸಿರಾಟದ ಆಟ ನಿಲ್ಲಿಸುವ ತನಕ ಕಾಯಬೇಕು, ಇಲ್ಲದಿದ್ದರೆ ಇಡೀ ಬಾಕ್ಸು ಹೋಳಿ ಹಬ್ಬ.

ರಕ್ತಸ್ರಾವವಾದರೆ ಒಂದೆರಡು ವಾರದಲ್ಲಿ ರೂಪ ಬದಲಾಗುತ್ತೆ: ಮೊದಲು ಬೆಳ್ಳಗೆ, ಆಮೇಲೆ ನಡುವೆ ಕಪ್ಪು, ಕೊನೆಗೆ ಕುಗ್ಗುತ್ತೆ. ಆದರೆ ನ್ಯೂರೋಬ್ಲಾಸ್ಟೋಮಾದೊಳಗೇ ರಕ್ತ ಸೋರಿದ್ದರೂ ಹೀಗೇ ಕಂಡೀತು.

ಮೂರನೇ_ತ್ರೈಮಾಸಿಕ: ಎಡಗಡೆ ಅಂದಮೇಲೆ ಸೀಕ್ವೆಸ್ಟ್ರೇಶನ್ ಮರೀಬೇಡಿ. ಡಯಾಫ್ರಾಮ್ ಕೆಳಗಿನ ಈ ಶ್ವಾಸಕೋಶದ ತುಣುಕು ಹೆಚ್ಚಾಗಿ ಎಡಕ್ಕೇ ಇರುತ್ತೆ, ಎರಡನೇ ತ್ರೈಮಾಸಿಕದಲ್ಲೇ ಬೆಳ್ಳಗೆ ಕಾಣುತ್ತೆ. ಹಳೇ ರಿಪೋರ್ಟ್ ಓದಿದರೆ ಸಾಲದು, 20 ವಾರದ ಚಿತ್ರಗಳನ್ನೇ ತರಿಸಿ ನೋಡಿ. ಏಯೋರ್ಟಾದಿಂದ (ಮುಖ್ಯ ಅಪಧಮನಿ) ನೇರ ಒಂದು ರಕ್ತನಾಳ ಗಡ್ಡೆಗೆ ಹೋಗಿದೆಯಾ ಹುಡುಕಿ. ಪಕ್ಕದಲ್ಲಿ ವೈ ಆಕಾರದ ಅಡ್ರಿನಲ್ ಬೇರೆಯಾಗಿ ಸಿಕ್ಕರೆ ಗಡ್ಡೆ ಅದರದ್ದಲ್ಲ ಅನ್ನೋಕೆ ಬಲ. ಡ್ಯೂಪ್ಲೆಕ್ಸ್ (ಎರಡು ಭಾಗದ) ಕಿಡ್ನಿಯ ಊದಿದ ಮೇಲ್ಭಾಗವೂ ನೀರುಗಡ್ಡೆಯ ವೇಷ ಹಾಕುತ್ತೆ. ಮೂತ್ರಕೋಶದಲ್ಲಿ ಯೂರೆಟೆರೋಸೀಲ್ (ಮೂತ್ರನಾಳದ ಊದಿದ ತುದಿ) ಇದೆಯಾ ಅಂತಲೂ ನೋಡಿ.

ಸ್ಕ್ಯಾನ್‌ಕೋಣೆ: ಪಿಆರ್‌ಎಫ್ ಇಳಿಸಿದ ಮೇಲೆ ಗಟ್ಟಿ ಭಾಗದಲ್ಲಿ ಎರಡು ಸಣ್ಣ ರಕ್ತನಾಳ ಸಿಕ್ಕವು. ಏಯೋರ್ಟಾದಿಂದ ಏನೂ ಇಲ್ಲ. ಎಡ ಅಡ್ರಿನಲ್ ಬೇರೆಯಾಗಿ ಕಾಣಲಿಲ್ಲ, ಮೂತ್ರಕೋಶ ಸರಿಯಿದೆ. 20 ವಾರದ ಚಿತ್ರದಲ್ಲಿ ಆ ಜಾಗ ಖಾಲಿ.

ಕಪ್ಪುಬಿಳುಪು: ಹಾಗಾದರೆ ರಕ್ತಸ್ರಾವ ಹಿಂದೆ ಬಿತ್ತು. "ಅಡ್ರಿನಲ್ ಮೂಲದ ಮಿಶ್ರ ಗಡ್ಡೆ, ನ್ಯೂರೋಬ್ಲಾಸ್ಟೋಮಾ ಸಾಧ್ಯತೆ ಹೆಚ್ಚು" ಅಂತಷ್ಟೇ ಬರೆಯಿರಿ. ಖಚಿತ ಹೆಸರು ಹುಟ್ಟಿದ ಮೇಲೆ. ಲಿವರ್‌ನಲ್ಲಿ ಗಂಟು, ಹೈಡ್ರಾಪ್ಸ್ (ಮಗುವಿನ ಮೈಯಲ್ಲಿ ನೀರು ತುಂಬೋದು), ದಪ್ಪಗಾದ ಪ್ಲಾಸೆಂಟಾ ಇದೆಯಾ ನೋಡಿ, ತಾಯಿಯ ಬಿಪಿ ತಪ್ಪಿಸಬೇಡಿ. ಎಂಆರ್‌ಐನಿಂದ ವ್ಯಾಪ್ತಿ ಗೊತ್ತಾದೀತು, ತೀರ್ಪು ಸಿಗೋದು ಕಷ್ಟ. ಇವ್ಯಾವುದೂ ಇಲ್ಲದಿದ್ದರೆ ಗಡ್ಡೆಯೊಂದಕ್ಕೇ ಹೆದರಿ ಅವಧಿಗೆ ಮುಂಚೆ ಹೆರಿಗೆ ಮಾಡಿಸೋದು ಬೇಡ.

ಮೂರನೇ_ತ್ರೈಮಾಸಿಕ: ನಿಮ್ಮ ಮೂರು ಅಳತೆ ಗುಣಿಸಿ, ಮತ್ತೆ 0.52ರಿಂದ ಗುಣಿಸಿದರೆ ಗಡ್ಡೆಯ ಗಾತ್ರ ಸುಮಾರು 7 ಮಿ.ಲೀ. ಆರು ತಿಂಗಳೊಳಗಿನ ಕೂಸುಗಳಲ್ಲಿ ಆಪರೇಷನ್ ಮಾಡದೆ ಕಾದು ನೋಡಿದ ಅಮೆರಿಕದ ಅಧ್ಯಯನದಲ್ಲಿ ಗಟ್ಟಿ ಗಡ್ಡೆಗೆ ಮಿತಿ 16 ಮಿ.ಲೀ. ಇತ್ತು. ಹಾಗಾಗಿ ತಂದೆತಾಯಿಗೆ ಈಗಲೇ ಆಪರೇಷನ್ ಮಾತು ಆಡಬೇಡಿ. ಹುಟ್ಟಿದ ಮೇಲೆ ಅಲ್ಟ್ರಾಸೌಂಡ್, ನ್ಯೂರೋಬ್ಲಾಸ್ಟೋಮಾ ಇದ್ದರೆ ಮೂತ್ರದಲ್ಲಿ ಏರಬಹುದಾದ ವಿಎಂಎ, ಎಚ್‌ವಿಎ. ಮಕ್ಕಳ ಸರ್ಜನ್‌ಗೆ ಮಾತ್ರ ಹೆರಿಗೆಗೆ ಮುಂಚೆಯೇ ತಿಳಿಸಿಡಿ.